ಗೊಂಬೆ ಮೆಟ್ಟಿಲ ಕೆಳಗಿನ ಕೆಸರು

ದಸರೆ ರಜೆಯಲ್ಲಿ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕೆಂದರೆ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ನೀರು ಹರಿದುಹೋಗುವ ಜಾಗವನ್ನು. ನಮ್ಮ ಮೈಸೂರಿನ ಮನೆಯಲ್ಲಿ ಅದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅಪಾರ್ಟ್‌ಮೆಂಟಿನಲ್ಲಿರುವ ತಂಗಿಗೆ ಬಚ್ಚಲುಮನೆ. ಒಂದು ಬಕೆಟ್ ನೀರು, ಒಂದು ಹಳೇ ಪಂಚೆ, ಹಿತ್ತಲ ಬಾಗಿಲಿಗೆ ಅಡ್ಡವಾಗಿ ಒದ್ದೆ ಗೋಣಿತಾಟು: ಇವು ಮೊದಲೇ ಸಿದ್ಧವಿರಬೇಕು. ಮಕ್ಕಳ ಕೈಗೆ ಮಣ್ಣು ಕೊಟ್ಟು ಆಮೇಲೆ ಬಕೆಟ್ ಹುಡುಕಲು ಒಳಗೆ ಹೋದರೆ, ತಿರುಗಿ ಬರುವಷ್ಟರಲ್ಲಿ ಗೋಡೆಯ ಮೇಲೆ ಐದು ಬೆರಳೂ ಮೂಡಿರುತ್ತವೆ.

ಗಣೇಶನ ಹಬ್ಬಕ್ಕೆ ಕುಂಬಾರಗೇರಿಯಿಂದ ತಂದ ಜೇಡಿಮಣ್ಣು ಪ್ರತಿವರ್ಷ ಒಂದಷ್ಟು ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದಿಟ್ಟರೆ ನವರಾತ್ರಿಯವರೆಗೂ ಹದ ಕೆಡುವುದಿಲ್ಲ. ಈ ದಿನಗಳಲ್ಲಿ ಏನು ಮಾಡಲು ಹೇಳಿದರೂ ಮೈಸೂರಿನ ಮಕ್ಕಳು ಮಾಡುವುದು ಆನೆಯನ್ನೇ. ನಿಜವಾದ ಆನೆಗಳು ತಾಲೀಮಿಗೆಂದು ಅರಮನೆಯಿಂದ ಬನ್ನಿಮಂಟಪಕ್ಕೆ ನಡೆದು ಹೋಗುತ್ತಿರುವಾಗ ಮೊಲ ಯಾರಿಗೆ ಬೇಕು?

ಮಣ್ಣಿನ ಆನೆಯ ಕಷ್ಟವೆಲ್ಲ ಕಾಲಿನಲ್ಲಿದೆ. ಜಂಬೂಸವಾರಿಯ ಆನೆ 750 ಕೆ.ಜಿ.ಯ ಅಂಬಾರಿ ಹೊರುತ್ತದೆ. ನಮ್ಮದು ಖಾಲಿ ಬೆಂಕಿಪೊಟ್ಟಣ ಇಟ್ಟೊಡನೆ ಮಂಡಿಯೂರಿತು. ಆರು ವರ್ಷದ ಮಗಳಿಗೆ ಅಳು. ಪಕ್ಕದ ಮನೆಯ ಹುಡುಗ ಬಗ್ಗಿ ನೋಡಿ, "ಸ್ನಾನಕ್ಕೆ ಕೂತಿದೆ ಬಿಡೇ" ಅಂದ. ಅಲ್ಲಿಂದ ನಮ್ಮ ಮನೆಯ ಆನೆಗಳೆಲ್ಲ ಸ್ನಾನಕ್ಕೆ ಕೂತವೇ. ಸೊಂಡಿಲು ಕಳಚಿ ಬೀಳುವುದಕ್ಕೆ ಮಾತ್ರ ಮದ್ದಿದೆ. ಕೂಡಿಸುವ ಎರಡೂ ಕಡೆ ಪೊರಕೆಕಡ್ಡಿಯಲ್ಲಿ ಗೀರಿ, ದೋಸೆಹಿಟ್ಟಿನ ಹದಕ್ಕೆ ಕಲಸಿದ ಮಣ್ಣು ಸವರಿ ಒತ್ತಬೇಕು. ಹೊಟ್ಟೆ ದಪ್ಪ, ಕಿವಿ ತೆಳುವಾದರೆ ಎರಡೂ ಒಟ್ಟಿಗೆ ಒಣಗುವುದಿಲ್ಲ, ಬಿರುಕು ಬಿಡುವುದು ಆ ಸಂದಿನಲ್ಲೇ. ಬಿಸಿಲಿಗಿಟ್ಟು ಬೇಗ ಒಣಗಿಸಲು ಹೋದರಂತೂ ಕೇಳುವುದೇ ಬೇಡ. ಅಕ್ಟೋಬರಿನಲ್ಲಿ ಮಧ್ಯಾಹ್ನ ಮಳೆ ಬಂದರೆ ನಾವು ಗೊಣಗುತ್ತೇವೆ, ಆದರೆ ಆ ತೇವದ ಗಾಳಿಯಲ್ಲಿ ನಿಧಾನಕ್ಕೆ ಒಣಗಿದ ಆನೆಯೇ ಗಟ್ಟಿ.

ಇದನ್ನೆಲ್ಲ ಮಗಳಿಗೆ ಹೇಳಿಕೊಟ್ಟೆ. ನಾಲ್ಕು ತುಂಬದ ಮಗನಿಗೆ ಹೇಳಲಿಲ್ಲ. ಅವನಿಗೆ ಆನೆ ಬೇಕಿರಲಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದಾಗ ಬೆರಳ ಸಂದಿಯಿಂದ ಹೊರಬರುತ್ತದಲ್ಲ, ಅದು ಬೇಕಿತ್ತು. ಮತ್ತೆ ಉಂಡೆ, ಮತ್ತೆ ಹಿಸುಕು, ಮತ್ತೆ ನೀರು. ಅಷ್ಟು ಚಿಕ್ಕ ಮಕ್ಕಳಿಗೆ ಬೇಕಿರುವುದು ಮಣ್ಣು. ಆನೆ ಬೇಕಿರುವುದು ನಮಗೆ, ಅದೂ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು. ಆರು ದಾಟಿದ ಮೇಲೆ ಆನೆ ಅವರಿಗೂ ನಿಜವಾಗಿಯೇ ಬೇಕಾಗುತ್ತದೆ, ಆಗ ಕಾಲು ಮುರಿದರೆ ದುಃಖವೂ ನಿಜವೇ. ಎರಡು ವಯಸ್ಸಿನವರನ್ನು ಒಂದೇ ತಟ್ಟೆಯ ಮುಂದೆ ಕೂರಿಸುವುದರಿಂದಲೇ ಅರ್ಧ ಜಗಳ. ಚಿಕ್ಕವನು ಹಿಸುಕಲು ಹುಡುಕುವುದು ಅಕ್ಕ ಆಗಷ್ಟೇ ಮುಗಿಸಿಟ್ಟದ್ದನ್ನು. ಬೇರೆ ತಟ್ಟೆ, ಬೇರೆ ಮಣ್ಣು, ನಡುವೆ ಒಂದು ಮಣೆ. ಮಗಳ ಆನೆಗೆ ನಾನು ಕೈ ಹಚ್ಚುವುದಿಲ್ಲ. ಸೊಂಡಿಲನ್ನು ಅಮ್ಮ "ಚೂರು ಸರಿಮಾಡಿದರೆ" ಅದು ಅಮ್ಮನ ಆನೆಯಾಗಿಬಿಡುತ್ತದೆ ಎನ್ನುವುದು ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ.

ಮಣ್ಣು ಬೇಸರವಾದ ದಿನ ಅಚ್ಚು ಒತ್ತುವುದು. ಅಡ್ಡಕ್ಕೆ ಕೊಯ್ದ ಬೆಂಡೆಕಾಯಿ ಹೂವಿನಂತೆ ಮೂಡುವುದು ಎಲ್ಲರಿಗೂ ಗೊತ್ತು. ಕೊಯ್ದು ಸ್ವಲ್ಪ ಹೊತ್ತು ಬಿಟ್ಟು ಲೋಳೆ ಒರೆಸಬೇಕು, ಇಲ್ಲದಿದ್ದರೆ ಬಣ್ಣ ಜಾರುತ್ತದೆ. ನನಗೆ ಅದಕ್ಕಿಂತ ಇಷ್ಟ ಬಾಳೆಲೆಯ ದಪ್ಪ ದಂಟು; ಅಡ್ಡ ಕೊಯ್ದರೆ ಒಳಗೆಲ್ಲ ಸಾಲುಸಾಲು ಪುಟ್ಟ ಗೂಡುಗಳು. ಹಬ್ಬದ ಊಟಕ್ಕೆ ಎಲೆ ತಂದ ಮನೆಯಲ್ಲಿ ಅದು ಹೇಗೂ ಕಸಕ್ಕೆ ಹೋಗುವಂಥದ್ದು. ಬೆಳಿಗ್ಗೆ ಗಿಡದಡಿ ಬಿದ್ದ ಪಾರಿಜಾತ ಆರಿಸಿ, ಕೇಸರಿ ತೊಟ್ಟನ್ನು ಬೇರೆ ಮಾಡಿ ಬಿಸಿನೀರಿಗೆ ಹಾಕಿದರೆ ಹಳದಿ ಬಣ್ಣ ಬಿಡುತ್ತದೆ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆಹಣ್ಣು ಹಿಂಡಿದರೆ ನೇರಳೆ. ಪೇಟೆಯ ಜಿಗಿಜಿಗಿ ಪುಡಿಗೆ ಮಾತ್ರ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ಒಮ್ಮೆ ಚೆಲ್ಲಿದರೆ ಸಂಕ್ರಾಂತಿಯ ಎಳ್ಳು ಬೀರುವಾಗಲೂ ತಟ್ಟೆಯಲ್ಲಿ ಮಿನುಗುತ್ತದೆ.

ಎಲ್ಲಕ್ಕಿಂತ ದೊಡ್ಡ ರಂಪವಾದದ್ದು ಅರಿಶಿನದಿಂದ. ಮಗ ಅರಿಶಿನದ ನೀರನ್ನು ಬಿಳಿ ಅಂಗಿಯ ಮೇಲೆ ಸುರಿದುಕೊಂಡ. ಅತ್ತೆ ಅಂಗಿ ಬಿಚ್ಚಿಸಿ ಸೋಪು ಹಚ್ಚಿದರು. ಹಳದಿ ಕಲೆ ಕಣ್ಣೆದುರಿಗೇ ಕೆಂಪಾಯಿತು. "ಅಜ್ಜೀ, ರಕ್ತ!" ಎಂದು ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅತ್ತೆಗೆ ಗಾಬರಿಯೇನೂ ಆಗಲಿಲ್ಲ. "ಆರತಿ ನೀರು ಮಾಡ್ತೀವಲ್ಲ, ಹಾಗೇ ಕಣ್ರೋ" ಎಂದು ಒಂದು ಬಟ್ಟಲಲ್ಲಿ ಅರಿಶಿನ ಕದಡಿ, ಚಿಟಿಕೆ ಸುಣ್ಣ ಹಾಕಿ ತೋರಿಸಿದರು. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ. ಮಗಳು ನಿಂಬೆರಸ ಹಿಡಿದು ಬಹಳ ಹೊತ್ತು ಅಲ್ಲೇ ಕೂತಳು. ಸುಣ್ಣದ ಡಬ್ಬಿಯನ್ನು ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ತಾಗಿದರೆ ಸುಡುತ್ತದೆ. ಅದು ದೊಡ್ಡವರ ಕೆಲಸ. ಅಂಗಿಗೆ ಏನೂ ಆಗಲಿಲ್ಲ. ಜಾಲಿಸಿ ಬಿಸಿಲಿಗೆ ಹರವಿದರೆ ಅರಿಶಿನದ ಬಣ್ಣ ತಾನೇ ಮಾಸುತ್ತದೆ. ಆಕ್ರಿಲಿಕ್ ಬಣ್ಣ ಹಾಗಲ್ಲ, ಒಣಗಿದ ಮೇಲೆ ಆ ಬಟ್ಟೆ ಮುಂದಿನ ವರ್ಷದ ಕೆಲಸಕ್ಕೇ ಮೀಸಲು.

ಗೊಂಬೆ ಕೂರಿಸುವವರ ಮನೆಯಲ್ಲಿ ಮೆಟ್ಟಿಲ ಮುಂದೆ ಪುಟ್ಟದೊಂದು ಪಾರ್ಕು ಇರುವುದು ರೂಢಿ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ರಾಗಿ ನೆನೆಸಿ ತಟ್ಟೆಯ ಮಣ್ಣಿಗೆ ಉದುರಿಸಿದರೆ ಸರಸ್ವತಿ ಪೂಜೆಯ ಹೊತ್ತಿಗೆ ಹಸಿರು ಹುಲ್ಲು. ಮಕ್ಕಳು ಪ್ರೀತಿ ಹೆಚ್ಚಾಗಿ ನೀರು ಸುರಿದರೆ ಕೊಳೆಯುತ್ತದೆ, ಹಾಗಾಗಿ ಲೋಟವಲ್ಲ, ಚಮಚ ಕೊಡುವುದು. ನಮ್ಮ ಆನೆಗಳು ಆ ಹುಲ್ಲಿನಲ್ಲೇ ಕೂತವು. ಮೇಲೆ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಬಣ್ಣದ ಬೊಂಬೆಗಳು, ಕೆಳಗೆ ಇವು. ಗೊಂಬೆ ನೋಡಲು ಬಂದವರೊಬ್ಬರು "ಇದೇನು ಪುಟ್ಟಿ, ಹಂದಿಯಾ?" ಎಂದು ಕೇಳಿದರು. "ಅಲ್ಲ, ಸ್ನಾನ ಮಾಡ್ತಿರೋ ಆನೆ, ಸೊಂಡಿಲು ನೀರೊಳಗಿದೆ" ಎಂದಳು ಮಗಳು. ಸೊಂಡಿಲು ಬೆಳಿಗ್ಗೆಯೇ ಬಿದ್ದಿತ್ತು.

ವಿಜಯದಶಮಿ ಮುಗಿದು ಗೊಂಬೆಗಳು ಪೆಟ್ಟಿಗೆಗೆ ಹೋದವು. ಮಗಳ ಆನೆಗೆ ಅಲ್ಲಿ ಹಳೇ ಪಂಚೆಯ ಚೂರಿನ ಹಾಸಿಗೆ. ಮಗನದು ಸುಡದ ಮಣ್ಣೇ ಆದ್ದರಿಂದ ಬಕೆಟ್ಟಿಗೆ ಹಾಕಿದೊಡನೆ ಮತ್ತೆ ಕೆಸರು. ಅವನಿಗೆ ಅದೂ ಹಬ್ಬವೇ. ಈಗ ದೀಪಾವಳಿಗೆ ಗೂಡುದೀಪ ಮಾಡಬೇಕಂತೆ. ಸಿಬಿರು ಚುಚ್ಚುವುದರಿಂದ ಬಿದಿರು ಸೀಳುವುದು ನನ್ನ ಪಾಲಿಗೆ. ಅಂಟಿಗೆ ಮೈದಾ ಕುದಿಸುವುದು ಅತ್ತೆಯ ಕೆಲಸ. ಇರುವೆ ಹತ್ತುವುದರಿಂದ ಆಯಾ ದಿನಕ್ಕೆ ಆಗುವಷ್ಟೇ. ಚಿಕ್ಕವನ ಕೈಗೆ ಎಟುಕದಂತೆ ಪಾತ್ರೆಯನ್ನು ಮೇಲಿಡಬೇಕೋ, ಅವನಿಗೇ ಒಂದು ಬಟ್ಟಲು ಬೇರೆ ಕೊಡಬೇಕೋ ಎಂದು ಕೇಳಿದರು. ಬೇರೆ ಬಟ್ಟಲು ಕೊಟ್ಟುಬಿಡಿ ಅತ್ತೆ, ಬಿಸಿ ಆರಿಸಿ ಕೊಡಿ ಅಂದೆ.