ಕೇಳುವುದು ಕಿವಿಯೊಂದೇ ಅಲ್ಲ

ಆರೋಗ್ಯದ ಪುಟದಲ್ಲಿ ಧ್ವನಿಯಂತ್ರದ ತಂತಿಯ ಮಾತೇಕೆ ಎಂದು ಓದುಗರು ಕೇಳಬಹುದು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಸಾಧಾರಣ ತಂತಿಗೆ ಕೆಲವು ನೂರು ರೂಪಾಯಿ ಸಾಕು. ಅದೇ ಕೆಲಸಕ್ಕೆ ಹತ್ತಾರು ಸಾವಿರ, ಲಕ್ಷ ರೂಪಾಯಿಯ ತಂತಿಗಳೂ ಮಾರಾಟಕ್ಕಿವೆ. ಬೆಲೆಯುಳ್ಳ ತಂತಿಯನ್ನು ಹಾಕಿದ ಮೇಲೆ ಗಾಯನ ತಿಳಿಯಾಯಿತು, ತಂಬೂರಿಯ ನಾದ ತುಂಬಿ ಬಂದಿತು ಎನ್ನುವವರು ಸುಳ್ಳಾಡುತ್ತಿಲ್ಲ. ಅವರಿಗೆ ಹಾಗೆಯೇ ಕೇಳಿಸುತ್ತದೆ. ಅದಕ್ಕೆ ಕಾರಣ ತಂತಿಯೋ ಮನಸ್ಸೋ ಎಂಬ ಪ್ರಶ್ನೆಯು ರೋಗ ಮತ್ತು ಔಷಧಗಳಿಗೆ ಸಂಬಂಧಿಸಿದ ದೊಡ್ಡ ಪ್ರಶ್ನೆಯೊಂದರ ಚಿಕ್ಕ ರೂಪ. ಆದುದರಿಂದಲೇ ಅದನ್ನು ಇಲ್ಲಿ ವಿಚಾರಿಸುತ್ತೇವೆ.

ತಂತಿಯ ಕೆಲಸವೆಷ್ಟು?

ಮೊದಲು ಲೆಕ್ಕವನ್ನು ನೋಡೋಣ. ಸ್ಪೀಕರು ಐದು ಮೀಟರ್ ದೂರದಲ್ಲಿದೆ, ತಂತಿಯು 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ್ದು ಎಂದಿಟ್ಟುಕೊಳ್ಳೋಣ. ಹೋಗಿ ಬರುವ ಹತ್ತು ಮೀಟರಿನಲ್ಲಿ ಅದರ ವಿದ್ಯುತ್ ರೋಧ ಸುಮಾರು 0.12 ಓಮ್. ಸ್ಪೀಕರಿನ ರೋಧ ಸಾಮಾನ್ಯವಾಗಿ 8 ಓಮ್. ಈ ತಂತಿಯಿಂದ ಧ್ವನಿಯಲ್ಲಿ ಆಗುವ ನಷ್ಟವು ಸರಿಸುಮಾರು 0.1 ಡೆಸಿಬೆಲ್ ಮಾತ್ರ. ಸಂಗೀತ ಕೇಳುವಾಗ ಸುಮಾರು 1 ಡೆಸಿಬೆಲ್‌ನಷ್ಟು ಏರಿಳಿತವಾದರೆ ಮಾತ್ರ ನಮ್ಮ ಕಿವಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ತಂತಿ ತೀರ ತೆಳುವಾಗಿದ್ದರೆ, ಬಹಳ ಉದ್ದವಾಗಿದ್ದರೆ, ತುದಿಗಳು ಕಿಲುಬು ಹಿಡಿದಿದ್ದರೆ ಅಥವಾ ಸಡಿಲವಾಗಿದ್ದರೆ ಧ್ವನಿ ಕೆಡುವುದು ನಿಜ. ಆ ದೋಷಗಳಿಲ್ಲದ ಸಾಧಾರಣ ತಂತಿಗೂ ಲಕ್ಷದ ತಂತಿಗೂ ಕಿವಿಯು ಗುರುತಿಸಬಲ್ಲ ವ್ಯತ್ಯಾಸಕ್ಕೆ ಅವಕಾಶ ಬಹಳ ಕಡಿಮೆ.

ಆದರೂ ವ್ಯತ್ಯಾಸ ಕೇಳಿಸುವುದೇಕೆ? ಕಿವಿಯು ತಂದೊಪ್ಪಿಸುವ ಕಂಪನಗಳಿಗೆ ಮನಸ್ಸು ತನ್ನ ನಿರೀಕ್ಷೆಯನ್ನು ಸೇರಿಸಿ ಅರ್ಥ ಮಾಡಿಕೊಳ್ಳುತ್ತದೆ. ಹೊಸ ವಸ್ತು ಬಂದ ದಿನ ನಾವು ಹೆಚ್ಚು ಗಮನವಿಟ್ಟು ಕೇಳುತ್ತೇವೆ. ಗಮನವಿಟ್ಟಾಗ ಹಿಂದೆ ಕೇಳಿಸದಿದ್ದುದೂ ಕೇಳಿಸುತ್ತದೆ.

ನುರಿತ ವಾದಕರೂ ಇದಕ್ಕೆ ಹೊರತಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕ್ಲಾಡಿಯಾ ಫ್ರಿಟ್ಸ್ ಮತ್ತು ಅವರ ಸಂಗಡಿಗರು 21 ಮಂದಿ ಪಿಟೀಲುವಾದಕರಿಗೆ ಆರು ಪಿಟೀಲುಗಳನ್ನು ಕೊಟ್ಟರು. ಮೂರು ಹೊಸವು, ಮೂರು ಇಟಲಿಯ ಪ್ರಸಿದ್ಧ ಕುಶಲಿಗಳಾದ ಸ್ಟ್ರಾಡಿವರಿ ಮತ್ತು ಗ್ವಾರ್ನೇರಿಯವರ ಶತಮಾನಗಳ ಹಿಂದಿನ ವಾದ್ಯಗಳು. ಕೋಣೆಯಲ್ಲಿ ಮಂದವಾದ ಬೆಳಕು, ವಾದಕರ ಕಣ್ಣಿಗೆ ಕಪ್ಪು ಕನ್ನಡಕ. ಹಳೆಯ ಮರದ ವಾಸನೆಯಿಂದ ಗುರುತು ಹತ್ತಬಾರದೆಂದು ವಾದ್ಯಗಳಿಗೆ ಸುಗಂಧವನ್ನೂ ಲೇಪಿಸಿದ್ದರು. ಹೆಸರು ಮರೆಯಾದಾಗ ಹೆಚ್ಚಿನವರು ಮೆಚ್ಚಿ ಆರಿಸಿದ್ದು ಹೊಸ ಪಿಟೀಲನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವರಿ.

ಹುಸಿಮದ್ದಿನ ಬಲ

ವೈದ್ಯಶಾಸ್ತ್ರದಲ್ಲಿ ಇದೇ ಬಗೆಯ ಪರಿಣಾಮಕ್ಕೆ ಪ್ಲಸೀಬೊ ಪರಿಣಾಮ ಎಂದು ಹೆಸರು. ಔಷಧದ ಅಂಶವೇ ಇಲ್ಲದ ಹುಸಿಮದ್ದಿನಿಂದಲೂ ರೋಗಿಗೆ ಹಿತವೆನಿಸುವುದುಂಟು. 1796ರಲ್ಲಿ ಅಮೆರಿಕದ ಎಲಿಶಾ ಪರ್ಕಿನ್ಸ್ ಎಂಬ ವೈದ್ಯರು ಎರಡು ಮೊನಚಾದ ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದರು. ನೋವಿದ್ದೆಡೆ ಅವುಗಳನ್ನು ಎಳೆದರೆ ನೋವು ಹೋಗುವುದೆಂದು ಪ್ರಚಾರವಾಯಿತು. ಲಂಡನ್ನಿನಲ್ಲಿ ಒಂದು ಜೊತೆಯ ಬೆಲೆ ಐದು ಗಿನಿಗಳಷ್ಟಿತ್ತು. 1799ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯರು ಲೋಹದಂತೆ ಕಾಣುವ ಮರದ ಕಡ್ಡಿಗಳನ್ನು ಮಾಡಿಸಿ ಐವರು ಸಂಧಿವಾತದ ರೋಗಿಗಳ ಮೇಲೆ ಪ್ರಯೋಗಿಸಿದರು. ನಾಲ್ವರು ನೋವು ಕಡಿಮೆಯಾಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳಿಂದ ದೊರೆತ ಫಲವೂ ಅಷ್ಟೇ ಆಗಿತ್ತು.

ಇದನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಶರೀರವು ತಾನೇ ನೋವುಶಾಮಕ ವಸ್ತುಗಳನ್ನು ಸ್ರವಿಸಬಲ್ಲುದು. ಹಲ್ಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮೇಲೆ 1978ರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಆ ವಸ್ತುಗಳ ಕ್ರಿಯೆಯನ್ನು ತಡೆಯುವ ನಲೋಕ್ಸೋನ್ ಎಂಬ ಔಷಧವನ್ನು ಕೊಟ್ಟಾಗ, ಹುಸಿಮದ್ದಿನಿಂದ ಉಪಶಮನ ಪಡೆದಿದ್ದವರ ನೋವು ಹೆಚ್ಚಿತು. ನಿರೀಕ್ಷೆಯು ಶರೀರದಲ್ಲಿ ನಿಜವಾಗಿಯೇ ಕೆಲಸ ಮಾಡುತ್ತದೆಂಬುದಕ್ಕೆ ಇದು ಸಾಕ್ಷಿ. ಅಂತೆಯೇ ಹೊಸ ತಂತಿಯಿಂದ ದೊರೆತ ಸಂತೋಷವೂ ನಿಜವಾದ ಸಂತೋಷವೇ.

ಎಲ್ಲಿ ಎಚ್ಚರ ಬೇಕು?

ಸಂತೋಷ ಬೇರೆ, ವಸ್ತುಸ್ಥಿತಿ ಬೇರೆ. 2011ರಲ್ಲಿ ಪ್ರಕಟವಾದ ಆಸ್ತಮಾ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಸಾಲ್ಬ್ಯುಟಮಾಲ್ ಸೇದಿದಾಗ ರೋಗಿಗಳು ಹೇಳಿಕೊಂಡ ಉಪಶಮನ ಶೇಕಡಾ 50. ಹುಸಿಮದ್ದನ್ನು ಸೇದಿದಾಗ ಶೇಕಡಾ 45. ಏನನ್ನೂ ಕೊಡದಿದ್ದಾಗ ಶೇಕಡಾ 21. ಆದರೆ ಉಸಿರಿನ ಬಲವನ್ನು ಯಂತ್ರದಿಂದ ಅಳೆದಾಗ ನಿಜವಾದ ಔಷಧದಿಂದ ಶೇಕಡಾ 20ರಷ್ಟು ಸುಧಾರಣೆ ಕಂಡಿತು; ಹುಸಿಮದ್ದಿನಿಂದ ಕೇವಲ ಶೇಕಡಾ 7ರಷ್ಟು, ಏನನ್ನೂ ಕೊಡದಿದ್ದಾಗಲೂ ಅಷ್ಟೇ. ಮನಸ್ಸಿಗೆ ಹಾಯೆನಿಸಿತ್ತು, ಶ್ವಾಸನಾಳ ಮಾತ್ರ ಬಿಗಿದೇ ಇತ್ತು. ಇಂತಹ ಹಾಯನ್ನು ನಂಬಿ ಔಷಧ ಬಿಟ್ಟವರ ಪ್ರಾಣಕ್ಕೇ ಅಪಾಯ ಒದಗಬಹುದು.

ಕಿವಿಯ ವಿಷಯದಲ್ಲಿಯೂ ಇಂತಹುದೇ ತಪ್ಪು ನಡೆಯುತ್ತದೆ. ವಯಸ್ಸಾದಂತೆ ಮೊದಲು ಕುಂದುವುದು ತಾರಧ್ವನಿಗಳನ್ನು ಗ್ರಹಿಸುವ ಶಕ್ತಿ. ಸ, ಶ, ಷ ಮುಂತಾದ ವ್ಯಂಜನಗಳು ಮಸುಕಾಗುತ್ತವೆ; ರಾಗ ಕೇಳುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಆಗ ಯಂತ್ರ ಹಳೆಯದಾಯಿತೆಂದು ತಂತಿ ಬದಲಿಸುತ್ತೇವೆ, ಸ್ಪೀಕರು ಬದಲಿಸುತ್ತೇವೆ, ಧ್ವನಿಯನ್ನು ಏರಿಸುತ್ತೇವೆ. ಕೆಲವು ದಿನ ಹೊಸತನದ ಬಲದಿಂದ ಚೆನ್ನಾಗಿಯೇ ಕೇಳಿಸುತ್ತದೆ. ಅಷ್ಟರಲ್ಲಿ ಚಿಕಿತ್ಸೆಯ ಕಾಲ ಜಾರಿಹೋಗುತ್ತದೆ.

ನಾವು ಮಾಡಬೇಕಾದುದು

1. ಬೆಲೆಯ ತಂತಿ ಕೊಳ್ಳುವ ಮೊದಲು ಮನೆಯಲ್ಲಿಯೇ ಪರೀಕ್ಷಿಸಿರಿ. ನಾಣ್ಯ ಚಿಮ್ಮಿ ಬಿದ್ದಂತೆ ಒಬ್ಬರು ಮರೆಯಲ್ಲಿ ತಂತಿಯನ್ನು ಹಾಕಲಿ. ಹಾಡೂ ಧ್ವನಿಯ ಮಟ್ಟವೂ ಒಂದೇ ಇರಲಿ. ಹತ್ತು ಸಲ ಕೇಳಿ, ಯಾವುದೆಂದು ಬರೆದಿಡಿರಿ. ಐದಾರು ಸರಿಯಾದರೆ ಅದು ಊಹೆಯಷ್ಟೇ. ಒಂಬತ್ತೋ ಹತ್ತೋ ಸರಿಯಾದರೆ ವ್ಯತ್ಯಾಸವಿದೆಯೆಂದು ನಂಬಬಹುದು.

2. ಮಾತು, ಹಾಡು ಮಸುಕಾಗಿ ಕೇಳಿಸಿದರೆ ಯಂತ್ರಕ್ಕಿಂತ ಮೊದಲು ಕಿವಿಯನ್ನು ತೋರಿಸಿರಿ. ಕಿವಿಯ ಗುಗ್ಗೆಯಿಂದಲೂ ಹಾಗಾಗಬಹುದು. ಅದನ್ನು ಕಡ್ಡಿ ಹಾಕಿ ಕೆದಕದೆ ವೈದ್ಯರಿಂದಲೇ ತೆಗೆಸಬೇಕು. ಶ್ರವಣ ಪರೀಕ್ಷೆಯಿಂದ ನೋವಾಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿ ಪರಿಣತರು ಇದನ್ನು ಮಾಡುತ್ತಾರೆ.

3. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ತಡಮಾಡಬೇಡಿರಿ. ಅಂದೇ ಕಿವಿ ವೈದ್ಯರನ್ನು ಕಾಣಿರಿ.

4. ಧ್ವನಿಯನ್ನು ಮಿತದಲ್ಲಿಡಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ನಾಲ್ಕೇ ಗಂಟೆ.

ಅನುಕೂಲವಿದ್ದವರು ಇಷ್ಟಪಟ್ಟು ಕೊಂಡ ತಂತಿಯಿಂದ ಸುಖಿಸಿದರೆ ನಮ್ಮ ಆಕ್ಷೇಪವಿಲ್ಲ. ಸಾಲ ಮಾಡಿ ಕೊಳ್ಳುವುದು ಬೇಡ. ಆ ತಂತಿಗೆಂದು ತೆಗೆದಿಟ್ಟ ಹಣದಲ್ಲಿ ಮನೆಯ ಹಿರಿಯರ ಕಿವಿಯನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಅವರಿಗೆ ಸಂಗೀತವಷ್ಟೇ ಅಲ್ಲ, ಮೊಮ್ಮಕ್ಕಳ ಮಾತೂ ಮತ್ತೆ ತಿಳಿಯಾಗಿ ಕೇಳಿಸಬಹುದು.