ಗೌರಿ ಹೂವಿನ ಬಳ್ಳಿ

ಮಳೆಗಾಲದ ಒಂದು ಸಂಜೆ. ಚಿದ್ರಿಯಲ್ಲಿ ನಮ್ಮ ಪಾಠ ನಡೆದಿತ್ತು. ಒಬ್ಬ ಅಕ್ಕ ಒಂದು ಹೂವು ತಂದರು. ಅದು ಬೆಂಕಿಯ ಉರಿಯ ಹಾಗೆ ಇತ್ತು.

"ಬೇಲಿಯೊಳಗ ಸಿಕ್ತು ನೋಡ್ರಿ. ಬುಡಕ್ಕ ಗೆಣಸಿನಂಥ ಗಡ್ಡಿ ಅದ. ಕುದಿಸಿ ತಿನ್ನಬಹುದೇನ್ರಿ?"

"ಬ್ಯಾಡವ್ವಾ! ಅದು ವಿಷ" ಎಂದರು ಒಬ್ಬ ಅಜ್ಜಿ.

ಅಜ್ಜಿ ಹೇಳಿದ್ದು ಖರೆ. ಇದು ಗೌರಿ ಹೂವು. ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಮರಾಠಿಯಲ್ಲಿ ಕಳಲಾವಿ. ಇದು ತಮಿಳುನಾಡಿನ ರಾಜ್ಯ ಹೂವು.

ಗುರುತು ಹಿಡಿಯೋಣ

ಹೂವಿಗೆ ಆರು ಎಸಳು. ಎಸಳಿನ ಅಂಚು ಅಲೆ ಅಲೆ. ಎಸಳು ಹಿಂದಕ್ಕೆ ಬಾಗಿ ಮೇಲೆ ನೋಡುತ್ತವೆ. ಬಣ್ಣ ಮೊದಲು ಹಳದಿ, ಆಮೇಲೆ ಕೆಂಪು. ಎಲೆಯ ತುದಿ ಸುರುಳಿ. ಸುರುಳಿಯಿಂದ ಬೇಲಿ ಹಿಡಿದು ಬಳ್ಳಿ ಏರುತ್ತದೆ. ಗೆಣಸಿನ ಬಳ್ಳಿ ಹೀಗಲ್ಲ. ಅದು ನೆಲದ ಮೇಲೆ ಹರಿಯುತ್ತದೆ. ಅದರ ಎಲೆಗೆ ಸುರುಳಿ ಇಲ್ಲ.

ಗೌರಿ ಗಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂಬ ಹೆಸರಿದೆ. ಲಾಂಗಲ ಎಂದರೆ ನೇಗಿಲು.

ಬೀಜದಿಂದ ಬೆಳೆಸೋಣ

ಕಾಯಿ ಒಣಗಿ ಬಿರಿದಾಗ ಕೆಂಪು ಬೀಜ ಕಾಣುತ್ತವೆ. ಅವನ್ನು ನೆರಳಲ್ಲಿ ಒಣಗಿಸಿ ಇಡಿ. ಮಕ್ಕಳ ಕೈಗೆ ಸಿಗಬಾರದು. ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ. ಕೆಲವು ತಿಂಗಳು ಮಲಗಿರುತ್ತದೆ. ಮಿರಗದ ಮಳೆ ಬಂದಾಗ ಬಿತ್ತಿರಿ. ನೀರು ನಿಲ್ಲದ ಮಣ್ಣು ಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ.

ಅವಸರ ಬ್ಯಾಡ. ಮೊದಲ ವರ್ಷ ಸಣ್ಣ ಸಸಿ. ಮಳೆಗಾಲ ಮುಗಿದ ಮೇಲೆ ಅದು ಒಣಗುತ್ತದೆ. ಸತ್ತಿತು ಅನ್ನಬ್ಯಾಡ್ರಿ. ನೆಲದೊಳಗೆ ಗಡ್ಡೆ ಬದುಕಿರುತ್ತದೆ. ಹೂವು ಬರಲು 3–4 ವರ್ಷ ಬೇಕು.

ಕಾಡಿನ ಗಡ್ಡೆ ಕಿತ್ತರೆ ಬಳ್ಳಿಯೇ ಹೋಗುತ್ತದೆ. ಬೀಜ ಬಿತ್ತಿದರೆ ಬಳ್ಳಿ ಉಳಿಯುತ್ತದೆ.

ಎಚ್ಚರ

ಈ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ. ಬೇರು, ಎಲೆ, ಬೀಜ ಎಲ್ಲವೂ ವಿಷ. ಕುದಿಸಿದರೂ ಹೋಗದು. ಇದೇ ವಸ್ತುವಿನಿಂದ ಕೀಲು ಬಾವಿಗೆ ಮಾತ್ರೆ ಮಾಡುತ್ತಾರೆ. ಅದನ್ನು ಅಳೆದು ಕೊಡುವವರು ಡಾಕ್ಟರ್, ನಾವಲ್ಲ.

ಹೆರಿಗೆ ಬೇಗ ಆಗಲಿ ಎಂದು ಹಿಂದೆ ಈ ಗಡ್ಡೆ ಬಳಸುತ್ತಿದ್ದರು. ಕಳಲಾವಿ ಎಂಬ ಹೆಸರು ಅದರಿಂದಲೇ ಬಂತು. ಹಾಗೆ ಮಾಡಬೇಡಿ. ತಾಯಿಯ ಜೀವ ಹೋಗಬಹುದು.

ಯಾರಾದರೂ ತಿಂದರೆ ವಾಂತಿ, ಭೇದಿ ಆಗುವ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತಿಂದ ಗಡ್ಡೆಯ ತುಂಡನ್ನೂ ಆಸ್ಪತ್ರೆಗೆ ಒಯ್ಯಿರಿ.

ಬರೆಯೋಣ

ಒಣಗಿದ ಬಳ್ಳಿ ಗುರುತು ಸಿಗುವುದಿಲ್ಲ. ಗೆಣಸೆಂದು ಯಾರಾದರೂ ಅಗೆಯಬಹುದು. ಅಂದು ಹೂವು ತಂದ ಅಕ್ಕ ಒಂದು ಹಲಗೆ ಬರೆದರು. ಬೇಲಿಗೆ ಕಟ್ಟಿದರು. ನೀವೂ ಬರೆಯಿರಿ:

ಗೌರಿ ಗಡ್ಡೆ. ವಿಷ. ತಿನ್ನಬೇಡಿ.

ಮೂರು ಸಾಲು ಓದಲು ಬಂದರೆ ಒಂದು ಜೀವ ಉಳಿಯುತ್ತದೆ.