ಕಾಂಕ್ರೀಟಿನ ಸಂದೂ ನೊರೆಯ ಹುರಿಯೂ

ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಸಮುದ್ರಮಟ್ಟದಿಂದ 1748 ಮೀಟರ್ ಎತ್ತರದಲ್ಲಿದೆ. ಅದರ ತಪ್ಪಲಿನ ಕಕ್ಕಬೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಡೆಬಿಡದೆ ಸುರಿಯುತ್ತದೆ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಮುಂಜಾನೆ ಮೈನಡುಗಿಸುವ ಚಳಿ, ನಡುಹಗಲಿನಲ್ಲಿ ಬಿರುಬಿಸಿಲು. ಕಾಫಿಯ ಹಣ್ಣನ್ನು ಹರಡಿ ಒಣಗಿಸುವ ಕಾಂಕ್ರೀಟಿನ ಕಣ ಆ ಮಳೆಯನ್ನೂ ಈ ಬಿಸಿಲನ್ನೂ ಒಂದೇ ಮೈಯಲ್ಲಿ ಸಹಿಸಬೇಕು.

ಇಂಥ ಕಣದಲ್ಲಿ ಹಾಸುಗಳ ನಡುವಿನ ಸಂದು ಬಾಯ್ದೆರೆದರೆ ಆಗುವ ಹಾನಿ ಸಣ್ಣದಲ್ಲ. ಮಳೆಗಾಲದಲ್ಲಿ ನೀರು ಒಳಗಿಳಿದು ಅಡಿಯ ಮಣ್ಣನ್ನು ಕೊರೆಯುತ್ತದೆ. ಆಧಾರ ತಪ್ಪಿದ ಹಾಸು ಕುಸಿದು ಒಡೆಯುತ್ತದೆ. ಸುಗ್ಗಿಯಲ್ಲಿ ಸಂದಿಗೆ ಬಿದ್ದ ಕಾಫಿ ಪೊರಕೆಗೆ ಎಟುಕದೆ ತೇವದಲ್ಲಿ ಉಳಿದು ಬೂಷ್ಟು ಹಿಡಿಯುತ್ತದೆ. ಕಾಫಿಯ ತೇವಾಂಶವನ್ನು ಶೇಕಡ 11ರ ಆಸುಪಾಸಿಗೆ ಇಳಿಸಲು ದಿನಗಟ್ಟಲೆ ಶ್ರಮಿಸುವ ಬೆಳೆಗಾರನಿಗೆ, ಬೂಷ್ಟು ಹಿಡಿದ ಒಂದು ಹಿಡಿ ಕಾಳು ರಾಶಿಗೆ ಬೆರೆತರೂ ನಷ್ಟವೇ.

ಆದುದರಿಂದಲೇ ಸಂದನ್ನು ಸೀಲೆಂಟ್ ಎಂಬ, ಗಟ್ಟಿಯಾದ ಮೇಲೂ ರಬ್ಬರಿನಂತೆ ಹಿಗ್ಗಬಲ್ಲ ವಸ್ತುವಿನಿಂದ ಮುಚ್ಚುವ ರೂಢಿಯಿದೆ. ಒಳ್ಳೆಯ ಸೀಲೆಂಟನ್ನೇ ಸಂದಿನ ತಳದವರೆಗೆ ತುಂಬಿದರೂ ಅನೇಕ ಸಲ ಅದು ವರ್ಷ ಕಳೆಯುವುದರೊಳಗೆ ಅಂಚು ಬಿಟ್ಟುಕೊಳ್ಳುತ್ತದೆ, ಇಲ್ಲವೆ ನಡುವೆ ಹರಿಯುತ್ತದೆ. ಜನರು ಸೀಲೆಂಟನ್ನು ದೂರುತ್ತಾರೆ. ದೋಷ ಬಹುಮಟ್ಟಿಗೆ ಅದರಲ್ಲಿಲ್ಲ. ಅದರ ಅಡಿಯಲ್ಲಿ ಇರಬೇಕಾಗಿದ್ದ ಒಂದು ಅಗ್ಗದ ವಸ್ತು ಇಲ್ಲದಿರುವುದರಲ್ಲಿದೆ. ಅದೇ ಅಂಗಡಿಗಳಲ್ಲಿ ‘ಬ್ಯಾಕರ್ ರಾಡ್’ ಎಂಬ ಹೆಸರಿನಲ್ಲಿ ಸಿಗುವ, ಪ್ಲಾಸ್ಟಿಕ್ ನೊರೆಯಿಂದ ಮಾಡಿದ ದುಂಡನೆಯ ಹುರಿ. ಅದರ ಕೆಲಸವೇನು, ಅದನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಸಂದು ಏಕೆ ಬೇಕು?

ಹಂಚಿನ ಮಾಡಿಗೆ ಈ ತೊಂದರೆಯಿಲ್ಲ. ಅಲ್ಲಿ ಒಂದು ಹಂಚಿನ ಮೇಲೆ ಇನ್ನೊಂದು ಕೇವಲ ಒರಗಿರುತ್ತದೆ; ಬಿಸಿಲಿಗೆ ಪ್ರತಿಯೊಂದೂ ತನ್ನಷ್ಟಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಂಕ್ರೀಟಿನ ಹಾಸಾದರೋ ಹತ್ತಾರು ಅಡಿ ಅಗಲದ ಒಂದೇ ಕಲ್ಲು. ಅದರ ಹಿಗ್ಗುಕುಗ್ಗುಗಳೆಲ್ಲ ಅಂಚಿನಲ್ಲಿ ಒಟ್ಟುಗೂಡಿ ಕಾಣಿಸಿಕೊಳ್ಳುತ್ತವೆ. ಅಂಚಿನಲ್ಲಿ ಎಡೆಯಿಲ್ಲದಿದ್ದರೆ ಕಾಂಕ್ರೀಟು ತಾನೇ ಬಿರುಕುಬಿಟ್ಟು ಎಡೆ ಮಾಡಿಕೊಳ್ಳುತ್ತದೆ.

ಸಂದುಗಳೆಲ್ಲವೂ ಒಂದೇ ಬಗೆಯವಲ್ಲ. ಒಂದು ದಿನದ ಕೆಲಸ ನಿಲ್ಲಿಸಿ ಮರುದಿನ ಮುಂದುವರಿಸಿದ ಕಡೆ ಉಳಿಯುವುದು ಕಾಮಗಾರಿ ಸಂದು. ಹೊಸ ಕಾಂಕ್ರೀಟು ಒಣಗಿ ಕುಗ್ಗುವಾಗ ಬಿರುಕು ಎಲ್ಲೆಂದರಲ್ಲಿ ಏಳದಂತೆ ಮೇಲ್ಮೈಯಲ್ಲಿ ಕೊಯ್ದು ಮಾಡಿದ ಕಾಲುವೆ ಸಂಕೋಚನ ಸಂದು. ಎರಡು ಭಾಗಗಳನ್ನು ಪೂರ್ತಿಯಾಗಿ ಬೇರ್ಪಡಿಸುವುದು ವ್ಯಾಕೋಚನ ಸಂದು. ಉದ್ದ 45 ಮೀಟರ್ ಮೀರಿದ ಕಟ್ಟಡಗಳಲ್ಲಿ ಒಂದಾದರೂ ವ್ಯಾಕೋಚನ ಸಂದು ಇರಬೇಕೆಂದು 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐ.ಎಸ್. 456 ಸೂಚಿಸಿತು. ಬಿಸಿಲಿಗೆ ಮೈಯೊಡ್ಡಿದ ಕಣಗಳಲ್ಲಿ ಸಂದುಗಳು ಇದಕ್ಕಿಂತ ಬಹಳ ಹತ್ತಿರ ಹತ್ತಿರವಿರಬೇಕಾಗುತ್ತದೆ.

ಚಲನೆಯ ಲೆಕ್ಕ

ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದಾಗ ಕಾಂಕ್ರೀಟು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 10 ಭಾಗದಷ್ಟು ಹಿಗ್ಗುತ್ತದೆ. ಅಕ್ಕಪಕ್ಕದಲ್ಲಿ 10 ಮೀಟರ್ ಉದ್ದದ ಎರಡು ಹಾಸುಗಳಿವೆ ಎಂದುಕೊಳ್ಳೋಣ. ಬಿಸಿಲಿನಲ್ಲಿ ಕಾದ ನೆಲ ಸುತ್ತಲಿನ ಗಾಳಿಗಿಂತ ಬಿಸಿಯಾಗಿರುತ್ತದೆಯಾದ್ದರಿಂದ, ಮುಂಜಾನೆಗೂ ಮಧ್ಯಾಹ್ನಕ್ಕೂ ಅದರ ಉಷ್ಣತೆಯ ಅಂತರ 30 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಆಗ ಪ್ರತಿಯೊಂದು ಹಾಸೂ 3 ಮಿಲಿಮೀಟರ್ ಹಿಗ್ಗುತ್ತದೆ. ಅದರಲ್ಲಿ ಅರ್ಧ ಈ ಅಂಚಿಗೆ, ಅರ್ಧ ಆ ಅಂಚಿಗೆ. ನಡುವಿನ ಸಂದಿಗೆ ಎರಡೂ ಕಡೆಯಿಂದ ಒಂದೂವರೆ ಮಿಲಿಮೀಟರ್ ಬಂದು ಒಟ್ಟು ಚಲನೆ 3 ಮಿಲಿಮೀಟರ್ ಆಗುತ್ತದೆ.

ಮೂರು ಮಿಲಿಮೀಟರ್ ಎಂದರೆ ಅಲ್ಪವೆಂದು ತೋರಬಹುದು. ಆದರೆ ಸೀಲೆಂಟಿಗೆ ಮುಖ್ಯವಾದುದು ಚಲನೆಯಲ್ಲ, ಸಂದಿನ ಅಗಲಕ್ಕೆ ಚಲನೆ ಯಾವ ಪ್ರಮಾಣದಲ್ಲಿದೆ ಎಂಬುದು. ಸಾಮಾನ್ಯವಾಗಿ ದೊರೆಯುವ ಒಂದು ದರ್ಜೆಯ ಸೀಲೆಂಟು ಅಗಲದ ಶೇಕಡ 25ರಷ್ಟು ಹಿಗ್ಗಲೂ ಕುಗ್ಗಲೂ ಬಲ್ಲದು. ತುಂಬುವ ಹೊತ್ತಿನಲ್ಲಿ ಸಂದು ಎಷ್ಟು ತೆರೆದಿರುತ್ತದೆಂಬುದು ಖಚಿತವಿಲ್ಲದ ಕಾರಣ, ಚಲನೆಯೆಲ್ಲ ಒಂದೇ ದಿಕ್ಕಿನಲ್ಲಿ ಆದೀತೆಂದು ಎಣಿಸುವುದು ಕ್ಷೇಮ. ಹಾಗಾದರೆ 3 ಮಿಲಿಮೀಟರ್ ಚಲನೆಗೆ ಅದರ ನಾಲ್ಕರಷ್ಟು, ಎಂದರೆ 12 ಮಿಲಿಮೀಟರ್ ಅಗಲದ ಸಂದು ಬೇಕು. ಇದೇ ಚಲನೆ 4 ಮಿಲಿಮೀಟರಿನ ಕಿರುಸಂದಿನಲ್ಲಿ ನಡೆದರೆ ಸೀಲೆಂಟು ಶೇಕಡ 75ರಷ್ಟು ಹಿಗ್ಗಬೇಕಾದೀತು. ಅದು ಹರಿಯದೆ ಉಳಿಯದು.

ಅಂಟಬಾರದ ಮೈ

ಈಗ ಹುರಿಯ ವಿಷಯಕ್ಕೆ ಬರೋಣ. ಸೀಲೆಂಟು ಸಂದಿನ ಎರಡು ಪಕ್ಕಗಳಿಗೆ ಮಾತ್ರ ಅಂಟಿದ್ದರೆ, ಎರಡು ಕೈಗಳ ನಡುವೆ ಹಿಡಿದ ರಬ್ಬರಿನ ಪಟ್ಟಿಯಂತೆ ಇಡೀ ಅಗಲವೂ ಸೇರಿ ಹಿಗ್ಗುತ್ತದೆ. ಹನ್ನೆರಡು ಮಿಲಿಮೀಟರ್ ಹದಿನೈದಾದರೆ ಭಾರವನ್ನು ಎಲ್ಲ ಕಣಗಳೂ ಹಂಚಿಕೊಳ್ಳುತ್ತವೆ. ಸೀಲೆಂಟು ತಳಕ್ಕೂ ಅಂಟಿದರೆ ಸ್ಥಿತಿ ಬೇರೆ. ಸಂಕೋಚನ ಸಂದನ್ನು ನೋಡಿ: ಮೇಲೆ 12 ಮಿಲಿಮೀಟರಿನ ಕಾಲುವೆ; ಅದರ ತಳದಲ್ಲಿ ಕೂದಲೆಳೆಯಂಥ ಬಿರುಕು, 0.1 ಮಿಲಿಮೀಟರ್ ಎನ್ನೋಣ. ಹಾಸುಗಳು 3 ಮಿಲಿಮೀಟರ್ ಸರಿದಾಗ ಬಿರುಕಿನ ಅಗಲ 3.1 ಮಿಲಿಮೀಟರ್ ಆಗುತ್ತದೆ. ಬಿರುಕಿನ ಎರಡು ದಡಗಳನ್ನೂ ಕಚ್ಚಿಕೊಂಡಿರುವ ಸೀಲೆಂಟಿನ ಕಿರುಭಾಗ ಮೂವತ್ತೊಂದು ಪಟ್ಟು ಉದ್ದವಾಗಬೇಕು! ಯಾವ ರಬ್ಬರು ಇದನ್ನು ತಾಳೀತು? ಹರಿತ ಅಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಕಣ್ಣಿಗೆ ಬೀಳುವ ವೇಳೆಗೆ ಕೆಲಸ ಕೆಟ್ಟಿರುತ್ತದೆ.

ಆದುದರಿಂದ ತಳದಲ್ಲಿ ಸೀಲೆಂಟು ಅಂಟದ ಒಂದು ಮೈಯಿರಬೇಕು. ನೊರೆಯ ಹುರಿಯ ಮೊದಲನೆಯ ಗುಣವೇ ಇದು. ಸಾಮಾನ್ಯವಾಗಿ ಅದನ್ನು ಪಾಲಿಥೀನಿನಿಂದ ಮಾಡುತ್ತಾರೆ. ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ 1933ರಲ್ಲಿ ಆಕಸ್ಮಿಕವಾಗಿ ಕಂಡ ಈ ವಸ್ತುವಿನ ಮೇಲ್ಮೈ ಅನ್ಯವಸ್ತುಗಳ ಅಣುಗಳನ್ನು ಬಹು ದುರ್ಬಲವಾಗಿ ಆಕರ್ಷಿಸುತ್ತದೆ. ಮಳೆಯ ಹನಿ ಕೆಸುವಿನ ಎಲೆಯನ್ನು ತೋಯಿಸದೆ ಮುತ್ತಿನಂತೆ ಉರುಳಿಹೋಗುವುದನ್ನು ಕೊಡಗಿನಲ್ಲಿ ಕಾಣದವರಿಲ್ಲ. ಪಾಲಿಥೀನಿನ ಮೇಲೆ ಸೀಲೆಂಟಿನ ಸ್ಥಿತಿಯೂ ಹೆಚ್ಚು ಕಡಿಮೆ ಅಂಥದೇ. ಒಣಗಿದ ಮೇಲೆ ಅದು ಹುರಿಯ ಹಿಡಿತಕ್ಕೆ ಒಳಗಾಗದೆ ಸ್ವತಂತ್ರವಾಗಿ ಹಿಗ್ಗಬಲ್ಲದು.

ದಪ್ಪ ಹೆಚ್ಚಿದರೆ ಬಲ ಹೆಚ್ಚೆ?

ಹುರಿಯ ಎರಡನೆಯ ಕೆಲಸ ಸೀಲೆಂಟಿನ ಆಳವನ್ನು ಮಿತಿಯಲ್ಲಿಡುವುದು. ದಪ್ಪವಾಗಿ ತುಂಬಿದಷ್ಟೂ ಗಟ್ಟಿ ಎಂಬುದು ಸಹಜವಾದ ನಂಬಿಕೆ. ಗಣಿತ ಅದನ್ನು ಒಪ್ಪುವುದಿಲ್ಲ. ರಬ್ಬರನ್ನು ಎಳೆದರೆ ಅದರ ಗಾತ್ರ ಬದಲಾಗುವುದಿಲ್ಲ. ಅಗಲ ಹೆಚ್ಚಿದಾಗ ಮೇಲ್ಮೈ ಒಳಕ್ಕೆ ತಗ್ಗುತ್ತದೆ. ಈ ತಗ್ಗು ಪ್ಯಾರಾಬೊಲದ ಆಕಾರದ್ದೆಂದು ಭಾವಿಸಿ ಸೀಲೆಂಟಿನ ಹಿಗ್ಗನ್ನು ಎಣಿಸುವ ವಿಧಾನವನ್ನು ಎಗಾನ್ಸ್ ಟಾನ್ಸ್ ಎಂಬ ಎಂಜಿನಿಯರು 1959ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದನು. ಆ ರೀತಿಯಲ್ಲಿ ನಮ್ಮ 12 ಮಿಲಿಮೀಟರ್ ಸಂದನ್ನು 15ಕ್ಕೆ ಎಳೆದು ಲೆಕ್ಕಮಾಡಿದರೆ, 6 ಮಿಲಿಮೀಟರ್ ಆಳದ ಸೀಲೆಂಟಿನ ಹೊರಮೈ ಸುಮಾರು ಶೇಕಡ 26ರಷ್ಟು ಹಿಗ್ಗುತ್ತದೆ. 12 ಮಿಲಿಮೀಟರ್ ಆಳದ್ದು ಶೇಕಡ 30ರಷ್ಟು. 24 ಮಿಲಿಮೀಟರ್ ಆಳದ್ದು ಶೇಕಡ 42ರಷ್ಟು. ಸೀಲೆಂಟಿಗೆ ನಾಲ್ಕರಷ್ಟು ಹಣ ವ್ಯಯಿಸಿ ನಾವು ಅದರ ಮೇಲಿನ ಸೆಳೆತವನ್ನೇ ಹೆಚ್ಚಿಸಿದಂತಾಯಿತು!

ಅಗಲದ ಅರ್ಧದಷ್ಟು ಆಳವಿರಬೇಕು, ಆದರೆ 6 ಮಿಲಿಮೀಟರಿಗಿಂತ ಕಡಮೆಯಾಗಬಾರದು ಎಂಬ ರೂಢಿಯ ಸೂತ್ರಕ್ಕೆ ಆಧಾರ ಇದೇ. ಹುರಿಯ ದುಂಡುಮೈ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅದರ ಮೇಲೆ ಬಿದ್ದ ಸೀಲೆಂಟು ನಡುವೆ ತೆಳ್ಳಗೆ, ಪಕ್ಕಗಳಲ್ಲಿ ದಪ್ಪಗೆ, ಡಮರುವಿನ ಆಕಾರ ತಾಳುತ್ತದೆ. ಹಿಗ್ಗಬೇಕಾದಲ್ಲಿ ತೆಳುವು, ಅಂಟಬೇಕಾದಲ್ಲಿ ವಿಶಾಲವಾದ ಮೈ.

ಹುರಿಯ ಆಯ್ಕೆ

ನೊರೆಯ ಹುರಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮುಚ್ಚಿದ ಕೋಶಗಳ ಹುರಿಯಲ್ಲಿ ಒಂದೊಂದು ಗುಳ್ಳೆಯೂ ಪ್ರತ್ಯೇಕ, ನೀರು ಹೀರುವುದಿಲ್ಲ. ತೆರೆದ ಕೋಶಗಳದು ಸ್ಪಂಜಿನಂತೆ. ಮೃದುವಾಗಿ ಬಾಗುತ್ತದೆ, ಗಾಳಿಯ ತೇವವನ್ನು ಒಳಬಿಟ್ಟು ಸೀಲೆಂಟು ಹಿಂಬದಿಯಿಂದಲೂ ಬೇಗ ಗಟ್ಟಿಯಾಗಲು ನೆರವಾಗುತ್ತದೆ. ಆದರೆ ನೀರನ್ನು ಹೀರಿ ಹಿಡಿದಿಡುತ್ತದೆ. ಮೂರನೆಯದು ಹೊರಗೆ ಮುಚ್ಚಿದ ಸಿಪ್ಪೆ, ಒಳಗೆ ಎರಡೂ ಜಾತಿಯ ಕೋಶಗಳಿರುವ ಮಿಶ್ರ ಹುರಿ; ಅಂಚುಗಳು ಏರುಪೇರಾಗಿರುವ ಸಂದಿಗೆ ಅನುಕೂಲ. ಕಣ, ತಾರಸಿ ಮುಂತಾದ ನೀರು ನಿಲ್ಲುವ ಕಡೆಗಳಲ್ಲಿ ತೆರೆದ ಕೋಶಗಳ ಹುರಿಯನ್ನು ಬಳಸಬಾರದು. ಮಳೆಯ ನಾಡಿನಲ್ಲಿ ಸೀಲೆಂಟಿನ ಅಡಿಯಲ್ಲಿ ತೋಯ್ದ ಸ್ಪಂಜನ್ನು ಹೂತಿಟ್ಟಂತಾಗುತ್ತದೆ.

ಹುರಿ ಸಂದಿಗಿಂತ ದಪ್ಪವಿರಬೇಕು. ಒತ್ತಿಕೊಂಡು ಕುಳಿತರೆ ಮಾತ್ರ ಸೀಲೆಂಟನ್ನು ತುಂಬುವ ಒತ್ತಡಕ್ಕೆ ಜಾರದೆ ನಿಲ್ಲುತ್ತದೆ. ಮುಚ್ಚಿದ ಕೋಶಗಳದಾದರೆ ಸುಮಾರು ಕಾಲುಭಾಗ, ತೆರೆದ ಕೋಶಗಳದಾದರೆ ಸುಮಾರು ಅರ್ಧಭಾಗ ಹೆಚ್ಚು. ನಮ್ಮ 12 ಮಿಲಿಮೀಟರ್ ಸಂದಿಗೆ 15 ಅಥವಾ 16 ಮಿಲಿಮೀಟರಿನ ಮುಚ್ಚಿದ ಕೋಶಗಳ ಹುರಿ ಸರಿಹೋಗುತ್ತದೆ. ಕಾಸಿ ಸುರಿಯುವ ಟಾರಿನ ಸೀಲೆಂಟಾದರೆ ಸಾಮಾನ್ಯ ಪಾಲಿಥೀನ್ ಕರಗಿಹೋಗುತ್ತದೆ. ಶಾಖ ತಡೆಯುವ ಹುರಿಯನ್ನೇ ಕೇಳಿ ಪಡೆಯಬೇಕು. ಹುರಿ ಕೂರುವಷ್ಟು ಆಳವೇ ಇಲ್ಲದ ಕಾಲುವೆಗೆ ಪಾಲಿಥೀನಿನ ಟೇಪನ್ನು ತಳಕ್ಕೆ ಅಂಟಿಸಿದರೆ ಸಾಕು.

ಕೆಲಸದ ಕ್ರಮ

ಕಕ್ಕಬೆಯ ಕಣಕ್ಕೆ ಒಳ್ಳೆಯ ಕಾಲವೆಂದರೆ ಕೊಯ್ಲು ಮುಗಿದು ಕಣ ಬರಿದಾದ ಮೇಲೆ, ಮುಂಗಾರಿಗೆ ಮುಂಚೆ. ನಡುವೆ ಬರುವ ಹೂಮಳೆಯ ಮೇಲೆ ಕಣ್ಣಿರಲಿ, ಕಾಂಕ್ರೀಟು ಒಣಗಿರಬೇಕು. ಸಂದಿನ ಪಕ್ಕಗಳಲ್ಲಿರುವ ಪಾಚಿ, ಧೂಳು, ಹಳೆಯ ಸೀಲೆಂಟು ಇವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು ಗಾಳಿ ಊದಬೇಕು. ನಸುಕಿನಲ್ಲಿ ಇಬ್ಬನಿಯಿರುತ್ತದೆ, ನಡುಮಧ್ಯಾಹ್ನ ಸಂದು ಅತ್ಯಂತ ಕಿರಿದಾಗಿರುತ್ತದೆ. ಇಬ್ಬನಿ ಆರಿ ಬಿಸಿಲು ಬಲಿಯುವ ಮುನ್ನ ಕೆಲಸ ಮಾಡಿದರೆ ಸಂದು ಮಧ್ಯಮ ಸ್ಥಿತಿಯಲ್ಲಿ ಸಿಗುತ್ತದೆ.

ಹುರಿಯನ್ನು ಮೊಂಡಾದ ಮರದ ತುಂಡಿನಿಂದ ಒಂದೇ ಆಳಕ್ಕೆ ಒತ್ತಬೇಕು. ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿದರೆ ಗುಳ್ಳೆಗಳು ಒಡೆದು, ಬಿಸಿಲೇರಿದಂತೆ ಅವುಗಳ ಅನಿಲ ಹಿಗ್ಗಿ, ಇನ್ನೂ ಹಸಿಯಾಗಿರುವ ಸೀಲೆಂಟಿನೊಳಗೆ ಬೊಬ್ಬೆಗಳಾಗಿ ಏಳುತ್ತದೆ. ಹುರಿಯನ್ನು ಉದ್ದಕ್ಕೆ ಎಳೆಯಲೂ ಬಾರದು. ಎಳೆದರೆ ಅದು ಸಣ್ಣಗಾಗಿ, ಅನಂತರ ಕುಗ್ಗಿ, ತುದಿಗಳ ನಡುವೆ ತೆರಪು ಬಿಡುತ್ತದೆ. ಕಣದಲ್ಲಿ ಕುಂಟೆಯೂ ಕಾಲೂ ಆಡುವುದರಿಂದ ಸೀಲೆಂಟಿನ ಮೇಲ್ಮೈ ನೆಲಕ್ಕಿಂತ 2–3 ಮಿಲಿಮೀಟರ್ ತಗ್ಗಿನಲ್ಲಿರಲಿ. ಎಂದರೆ ಹುರಿಯ ನೆತ್ತಿ ನೆಲದಿಂದ 8–9 ಮಿಲಿಮೀಟರ್ ಕೆಳಗಿರಬೇಕು. ಅಂದು ಸೀಲೆಂಟು ತುಂಬಬಲ್ಲಷ್ಟು ಉದ್ದಕ್ಕೆ ಮಾತ್ರ ಹುರಿ ಕೂರಿಸಬೇಕು. ರಾತ್ರಿಯ ಮಳೆಗೆ ಅದನ್ನು ಬಿಡಬಾರದು.

ಎಲ್ಲಿ ಮುಚ್ಚಬಾರದು?

ಒಂದು ಎಚ್ಚರಿಕೆ ಅವಶ್ಯ. ಗುಡ್ಡ ಕಡಿದು ಮನೆ ಕಟ್ಟಿದ ಕಡೆ ಮಣ್ಣನ್ನು ತಡೆಯುವ ಗೋಡೆಯಿರುತ್ತದೆ. ಅದರ ಸಂದಿನಿಂದ ನೀರು ಒಸರುತ್ತದೆಂದು ಹುರಿ, ಸೀಲೆಂಟು ತುಂಬಿ ಮುಚ್ಚುವುದು ಅಪಾಯಕರ. ಗೋಡೆಯ ಹಿಂದೆ ನೀರು 2 ಮೀಟರ್ ಎತ್ತರ ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ 2 ಟನ್ನುಗಳಷ್ಟು ಒತ್ತಡ ಬೀಳುತ್ತದೆ. ಅಲ್ಲಿ ಮೊದಲು ನೀರು ಹೊರಹೋಗುವ ತೂತುಗಳೂ ಚರಂಡಿಯೂ ಆಗಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ಕಂಡ ಕೊಡಗಿನಲ್ಲಿ, ಇಳಿಜಾರಿನ ಮಣ್ಣಿನೊಳಗೆ ನೀರನ್ನು ಕೂಡಿಹಾಕುವ ಯಾವ ಕೆಲಸವನ್ನೂ ಲಘುವಾಗಿ ಎಣಿಸುವಂತಿಲ್ಲ. ಹಾಗೆಯೇ ದಿನದಿನಕ್ಕೆ ಅಗಲವಾಗುತ್ತಿರುವ ಗೋಡೆಯ ಬಿರುಕು ಸಂದಲ್ಲ, ರೋಗದ ಲಕ್ಷಣ. ಅದನ್ನು ಎಂಜಿನಿಯರಿಗೆ ತೋರಿಸಬೇಕು.

ಮನೆಯಲ್ಲೇ ಒಂದು ಪ್ರಯೋಗ

ಹುರಿಯಿಂದ ನಿಜವಾಗಿ ಪ್ರಯೋಜನವುಂಟೆ ಎಂದು ಸಂದೇಹಪಡುವವರು ಸುಲಭವಾದ ಪರೀಕ್ಷೆಯೊಂದನ್ನು ಮಾಡಬಹುದು. ಮರದ ಎರಡು ಹಲಗೆಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಒಂದೊಂದರ ಮೇಲೂ ಒಂದೊಂದು ರೀಪನ್ನು ಮೊಳೆಯಿಂದ ಜಡಿಯಿರಿ. ರೀಪುಗಳ ನಡುವೆ 12 ಮಿಲಿಮೀಟರ್ ಅಂತರವಿರಲಿ. ಹಲಗೆಗಳು ಕೂಡುವ ಗೆರೆ ಆ ಅಂತರದ ಮಧ್ಯಕ್ಕೆ ಬರಲಿ. ಇದೇ ನಮ್ಮ ಸಂಕೋಚನ ಸಂದು. ಇಂಥವು ಎರಡನ್ನು ಮಾಡಿ, ಒಂದರ ತಳಕ್ಕೆ ಪಾಲಿಥೀನಿನ ಟೇಪು ಹಚ್ಚಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡಕ್ಕೂ ಒಂದೇ ಸೀಲೆಂಟನ್ನು 6 ಮಿಲಿಮೀಟರ್ ಆಳಕ್ಕೆ ತುಂಬಿರಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಟೇಪನ್ನು ಗೆರೆಯ ನೇರಕ್ಕೆ ಅಡಿಯಿಂದ ಕೊಯ್ದು, ಹಲಗೆಗಳನ್ನು 3 ಮಿಲಿಮೀಟರ್ ಅಗಲಿಸುವುದು, ಮತ್ತೆ ಕೂಡಿಸುವುದು, ಹೀಗೆ ಹಲವು ಸಲ ಮಾಡಿರಿ. ಬಳಿಕ ಅಡಿಯ ಬಿರುಕಿನೊಳಗೆ ಇಣಿಕಿ ನೋಡಿದರೆ, ಟೇಪಿಲ್ಲದ ಸಂದಿನಲ್ಲಿ ಹರಿತ ಎಲ್ಲಿಂದ ಹೊರಡುತ್ತದೆಂಬುದು ತಾನಾಗಿ ತಿಳಿಯುತ್ತದೆ.